ಅಜ್ಜಿಯ ಹೆಸರಿಗೆ ಹೋದ ಹಾಡು

ಹೋದ ವಾರ ಚನ್ನಗಿರಿಯ ಗ್ರಂಧಿಗೆ ಅಂಗಡಿಯಲ್ಲಿ ಕೆಮ್ಮಿನ ಕಷಾಯಕ್ಕೆ ಸಾಮಾನು ಕಟ್ಟಿಸಿಕೊಳ್ಳುತ್ತಿದ್ದೆ. ಅಂಗಡಿಯವರು ಡಬ್ಬದ ಮುಚ್ಚಳ ತೆಗೆದು ಅತಿಮಧುರದ ಬೇರನ್ನು ತಕ್ಕಡಿಗೆ ಸುರಿದರು ನೋಡಿ, ಆ ಸಿಹಿಯಾದ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯಲ್ಲಿದ್ದ ಚೀಲ ಮರೆತು ನಿಂತುಬಿಟ್ಟೆ. ಹಾಡುವ ಮುಂಚೆ ಅಕ್ಕ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಬೇರು ಅದು. ಸೆರಗಿನ ತುದಿಯಲ್ಲಿ ಸದಾ ಒಂದು ಚೂರು ಗಂಟು ಹಾಕಿಕೊಂಡಿರುತ್ತಿದ್ದಳು. ಹತ್ತಿರ ಕೂತು ಮಾತಾಡಿದರೆ ಅವಳ ಉಸಿರೆಲ್ಲ ಅದೇ ವಾಸನೆ...

ಸತ್ತವರ ನೆನಪಾದರೆ ಜನಕ್ಕೆ ಕಣ್ಣು ತುಂಬುತ್ತದಂತೆ. ನನಗೆ ಬಂದದ್ದು ಸಿಟ್ಟು. ಮೈಯೆಲ್ಲ ಬಿಸಿಯಾಗುವಷ್ಟು ಸಿಟ್ಟು. ಪೊಟ್ಟಣ ಕಟ್ಟುತ್ತಿದ್ದ ಅಂಗಡಿಯವರು ನನ್ನ ಮುಖ ನೋಡಿ, "ಯಾಕ್ರೀ ಮೇಡಂ, ತೂಕ ಕಮ್ಮಿ ಅನ್ನಿಸ್ತಾ?" ಅಂದರು. ಪಾಪ, ಆ ಮನುಷ್ಯನದೇನೂ ತಪ್ಪಿರಲಿಲ್ಲ. ಮನೆಗೆ ಬಂದೆ. ಸಂಜೆ ಸಂಗೀತ ಪಾಠಕ್ಕೆ ಬಂದ ಮಕ್ಕಳನ್ನು ವಾಪಸ್ ಕಳಿಸಿ ಇದನ್ನು ಬರೆಯಲು ಕೂತೆ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಹೊನ್ನಾಳಿಯಲ್ಲಿ ನಮ್ಮ ತವರುಮನೆಯ ಓಣಿಯಲ್ಲೇ ಒಂದು ಕಿರಾಣಿ ಅಂಗಡಿಯವರ ಮನೆಯಿತ್ತು. ಆ ಮನೆಗೆ ಸಾಸ್ವೆಹಳ್ಳಿಯಿಂದ ಸೊಸೆಯಾಗಿ ಬಂದವಳು ಅವಳು. ನಾನಾಗ ಹೈಸ್ಕೂಲು ಮುಗಿಸಿ ಸುಮ್ಮನೆ ಮನೆಯಲ್ಲಿದ್ದೆ. ಅವಳ ಗಂಡನನ್ನು ನಾನು ಭಾವ ಅನ್ನುತ್ತಿದ್ದೆ. ಭಾವ ಅಂಗಡಿಯಲ್ಲಿ ಗಿರಾಕಿಗಳ ಮುಖವನ್ನೂ ಸರಿಯಾಗಿ ನೋಡದಷ್ಟು ಸಂಕೋಚದ ಮನುಷ್ಯ. ಸಕ್ಕರೆ ಕೇಳಿದರೆ ಸಕ್ಕರೆ ಕಟ್ಟಿ ಕೊಟ್ಟು ಬೇರೆ ಕಡೆ ನೋಡುತ್ತಿದ್ದರು. ಅಕ್ಕನ ಅತ್ತೆ ಮಾತ್ರ ಅಂಗಡಿಯನ್ನೂ ಮನೆಯನ್ನೂ ಓಣಿಯನ್ನೂ ಒಟ್ಟಿಗೆ ಆಳುತ್ತಿದ್ದ ಹೆಂಗಸು. ಅವಳ ಕಣ್ಣು ತಪ್ಪಿಸಿ ಆ ಓಣಿಯಲ್ಲಿ ಬೆಕ್ಕೂ ದಾಟುತ್ತಿರಲಿಲ್ಲ.

ಅಕ್ಕ ಅಕ್ಕಿ ಆರಿಸುತ್ತ ಹಾಡು ಕಟ್ಟುತ್ತಿದ್ದಳು. ಮೊದಲು ಧಾಟಿ ಬರುತ್ತಿತ್ತು, ಮಾತು ಆಮೇಲೆ. ಮೊರದ ಅಂಚಿನ ಮೇಲೆ ಬೆರಳಲ್ಲಿ ಬಡಿಯುತ್ತ ಒಂದೇ ಸಾಲನ್ನು ಹಿಂದೆ ಮುಂದೆ ಮಾಡಿ ಹಾಡಿ, "ಯಾವ್ದೇ ನಾಲಗೆಗೆ ಹಗುರ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಒಂದನ್ನು ಆರಿಸಿದರೆ ಮೂತಿ ಸೊಟ್ಟ ಮಾಡಿ ಇನ್ನೊಂದನ್ನೇ ಇಟ್ಟುಕೊಳ್ಳುತ್ತಿದ್ದಳು! ಅವಳ ಹಾಡು ದೇವರ ಪದವಲ್ಲ, ಸೋಬಾನೆಯೂ ಅಲ್ಲ. ರೇಡಿಯೋದಲ್ಲಿ ಬರುವ ಸಿನಿಮಾ ಹಾಡಿನ ಓಟ, ಆದರೆ ಮಾತೆಲ್ಲ ನಮ್ಮ ಓಣಿಯದು. ಇವತ್ತಿನ ಹುಡುಗರು ಅದಕ್ಕೆ ಪಾಪ್ ಅನ್ನುತ್ತಾರೆ. ನಮಗೆ ಆ ಹೆಸರು ಗೊತ್ತಿರಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಹೆಂಗಸರು ಯಾವ ಹಾಡನ್ನೂ ತಾನು ಕಟ್ಟಿದ್ದು ಅನ್ನುವುದಿಲ್ಲ. ಮದುವೆ ಮನೆಯಲ್ಲಿ ಅರಿಶಿನ ಹಚ್ಚುವಾಗ ಆ ಗಳಿಗೆಯಲ್ಲೇ ಬೀಗರನ್ನು ಆಡಿಕೊಂಡು ಒಂದು ಪದ ಕಟ್ಟಿ ಹಾಡಿ ಎಲ್ಲರನ್ನೂ ನಗಿಸಿದ ಹೆಂಗಸು ಕೂಡ, "ಯಾರ ಪದ ಇದು?" ಎಂದು ಕೇಳಿದರೆ, "ನಮ್ಮಜ್ಜಿ ಹಾಡ್ತಿದ್ಲು" ಅನ್ನುತ್ತಾಳೆ. ನಂದು ಅಂದರೆ ಹೆಚ್ಚುಗಾರಿಕೆ. ಅದರಲ್ಲೂ ಗಂಡು ಹೆಣ್ಣಿನ ಪ್ರೀತಿಯ ಮಾತಿದ್ದರಂತೂ ಮುಗಿದೇ ಹೋಯಿತು, ಯಾರನ್ನು ನೆನೆದು ಕಟ್ಟಿದೆ ಎಂಬ ಪ್ರಶ್ನೆ ಬರುತ್ತದೆ. ಸತ್ತುಹೋದ ಅಜ್ಜಿಯನ್ನು ಹಾಗೆ ಯಾರೂ ಕೇಳುವುದಿಲ್ಲವಲ್ಲ! ಕೇಳಿದವರಿಗೂ ಅದು ಬರೀ ಬಾಯಿಮಾತು ಎಂದು ಗೊತ್ತು. ಗೊತ್ತಿದ್ದೇ ತಲೆಯಾಡಿಸಿ ಸುಮ್ಮನಾಗುತ್ತಾರೆ.

ನಮ್ಮೂರಿನಲ್ಲಿ ಆಗ ಒಂದು ಆರ್ಕೆಸ್ಟ್ರಾ ಇತ್ತು. ಗಣಪತಿ ಕೂರಿಸಿದಲ್ಲಿ, ಮದುವೆ ಆರತಕ್ಷತೆಯಲ್ಲಿ ರಸಮಂಜರಿ ನಡೆಸುವ ತಂಡ. ಭಕ್ತಿಗೀತೆ ಹಾಡಲು ಒಂದು ಹೆಣ್ಣು ದನಿ ಬೇಕೆಂದು ಕೇಳಿಕೊಂಡು ಬಂದರು. ಭಕ್ತಿಗೀತೆ ಎಂದ ಮೇಲೆ ಅತ್ತೆ ಒಪ್ಪಿದಳು. ನಾನು ಕೋರಸ್ಸಿಗೆ ಸೇರಿದೆ. ಭಾವ ಪ್ರತಿ ಕಾರ್ಯಕ್ರಮಕ್ಕೂ ನಮ್ಮ ಜೊತೆ ವ್ಯಾನಿನಲ್ಲಿ ಬಂದು, ವೇದಿಕೆಯ ಪಕ್ಕ ಸೌಂಡ್ ಬಾಕ್ಸಿನ ಹಿಂದೆ ಯಾರಿಗೂ ಕಾಣದ ಹಾಗೆ ಕೂರುತ್ತಿದ್ದರು. ಸೂರಗೊಂಡನಕೊಪ್ಪದಲ್ಲಿ ಒಮ್ಮೆ ಹಾಡಿದಾಗ ತಾಂಡಾದ ಹೆಂಗಸರು ವೇದಿಕೆ ಮುಂದೆ ಕೈ ಕೈ ಹಿಡಿದು ಕುಣಿದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಕ್ಕ ತನ್ನ ಸ್ವಂತ ಹಾಡನ್ನು ಮೊದಲು ಹಾಡಿದ್ದು ಜಗಳೂರಿನಲ್ಲಿ. ಯಾರಿಗೂ ಹೇಳಿರಲಿಲ್ಲ. ಕರೆಂಟು ಹೋಗಿ ಕೀಬೋರ್ಡು ನಿಂತಿತ್ತು, ಜನ ಗಲಾಟೆ ಮಾಡತೊಡಗಿದ್ದರು. ಅಕ್ಕ ವೇದಿಕೆಯ ಅಂಚಿಗೆ ಬಂದು ಬರಿಗಂಟಲಲ್ಲಿ ಎತ್ತಿಕೊಂಡಳು:

ಸೇತುವೆ ಮ್ಯಾಲೆ ನಿಂತವ್ನೆ, ಹೊಳೆ ನೋಡಿದ್ದು ಸಾಕಲ್ಲೊ
ಎರಡ್ನೆ ಟ್ರಿಪ್ಪಿನ ಬಸ್ನಾಗೆ ನಾನೂ ಹರಿದು ಹೊಂಟೀನಲ್ಲೊ

ಗಲಾಟೆ ನಿಂತಿತು. ಕರೆಂಟು ಬಂದ ಮೇಲೂ ಅದನ್ನೇ ಹಾಡು ಎಂದು ಕೂಗಿದರು. ನಿರೂಪಣೆ ಮಾಡುತ್ತಿದ್ದವನು ಮೈಕು ತಂದು, "ಯಾವ ಪಿಚ್ಚರ್‌ದ್ರೀ ಇದು?" ಅಂದ. ಅಕ್ಕ ನಕ್ಕು, "ಪಿಚ್ಚರ್‌ದಲ್ರೀ, ನಮ್ಮಜ್ಜಿ ಹಾಡ್ತಿದ್ಲು" ಅಂದಳು. ನಾನು ಕೋರಸ್ಸಿನ ಸಾಲಿನಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಅಕ್ಕನ ಅಜ್ಜಿಯನ್ನು ನಾನು ನೋಡಿದ್ದೆ. ಆಕೆಗೆ ಕಿವಿಯೂ ಕೇಳುತ್ತಿರಲಿಲ್ಲ, ಹಾಡೂ ಬರುತ್ತಿರಲಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ನನ್ನ ಕಿವಿಯಲ್ಲಿ ಆ ಹಾಡು ಎಲ್ಲಿಂದ ಬಂತು ಎಂದು ಹೇಳಿದಳು. ಭಾವ ಹೆಣ್ಣು ನೋಡಲು ಸಾಸ್ವೆಹಳ್ಳಿಗೆ ಬಂದಾಗ ತಲೆಯೆತ್ತಿ ಅವಳನ್ನು ನೋಡಲೇ ಇಲ್ಲವಂತೆ. ಮದುವೆ ಗೊತ್ತಾಯಿತು. ಸೀರೆ ತರಲು ಮನೆಯವರೊಂದಿಗೆ ಹೊನ್ನಾಳಿಗೆ ದಿನದ ಎರಡನೇ ಟ್ರಿಪ್ಪಿನ ಬಸ್ಸಿನಲ್ಲಿ ಬರುವಾಗ ಸೇತುವೆಯ ಮೇಲೆ ಎತ್ತಿನಗಾಡಿಗಳು ಅಡ್ಡ ಬಂದು ಬಸ್ಸು ನಿಂತಿತು. ಕಿಟಕಿಯಿಂದ ನೋಡಿದರೆ ಅಲ್ಲೇ ಭಾವ. ಬೆನ್ನು ಈ ಕಡೆ, ಮುಖ ಹೊಳೆ ಕಡೆ. ಅಪ್ಪ ಪಕ್ಕದಲ್ಲಿದ್ದಾರೆ, ಕರೆಯುವುದು ಹೇಗೆ? ತಿರುಗಲಿ ತಿರುಗಲಿ ಎಂದು ಅವಳು ಹಲ್ಲು ಕಚ್ಚಿ ಕಾದಳು. ಬಸ್ಸು ಹೊರಟಿತು. ಆ ಮನುಷ್ಯ ತಿರುಗಲಿಲ್ಲ...

"ಭಾವಂಗೆ ಗೊತ್ತಾ?" ಎಂದು ಕೇಳಿದೆ.

"ಯಾರಿಗ್ಗೊತ್ತೇ ತಾಯಿ. ಮನೆಯಾಗೆ ಆ ಹಾಡು ಗುನುಗಿದ್ರೆ ಸಾಕು, ಚಾ ಕುಡಿಯಾಕೆ ಅಂತ ಎದ್ದು ಹೋಗ್ತಾರೆ" ಅಂದಳು.

ಅಂದರೆ ತನ್ನ ಗಂಡನ ಮೇಲೆ, ತಾಳಿ ಕಟ್ಟಿದ ಗಂಡನ ಮೇಲೆ ಕಟ್ಟಿದ ಹಾಡು! ಅದನ್ನು ನಂದು ಅನ್ನಲು ಅವಳಿಗೆ ಧೈರ್ಯವಿರಲಿಲ್ಲ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದ ಮನೆಯಲ್ಲಿ ಗಂಡನನ್ನು ನೋಡಬೇಕೆಂದು ಒದ್ದಾಡಿದ್ದನ್ನು ಮೈಕಿನಲ್ಲಿ ಹಾಡಿದವಳು ಎಂದು ಗೊತ್ತಾಗಿದ್ದರೆ ಅತ್ತೆ ಏನೆನ್ನುತ್ತಿದ್ದಳೋ, ಓಣಿ ಏನೆನ್ನುತ್ತಿತ್ತೋ. ಈಗ ಬರೆಯುವಾಗ ಎಲ್ಲ ಎಷ್ಟು ಹುಚ್ಚು ಅನ್ನಿಸುತ್ತದೆ. ಆಗ ಅದು ಹುಚ್ಚಾಗಿರಲಿಲ್ಲ, ನಮ್ಮ ದಿನದಿನದ ಬಾಳೇ ಹಾಗಿತ್ತು.

ಹಾಡು ಊರೂರಿಗೆ ಹಬ್ಬಿತು. ಒಬ್ಬ ಕ್ಯಾಸೆಟ್ ಕಂಪನಿಯವನು ಹುಡುಕಿಕೊಂಡು ಬಂದ. ದಾವಣಗೆರೆಯ ಒಂದು ಮನೆಯ ಮಾಳಿಗೆಯಲ್ಲಿ ಗೋಡೆಗೆಲ್ಲ ಗೋಣಿತಟ್ಟು ಹೊಡೆದು ಮಾಡಿದ ಸ್ಟುಡಿಯೋ. ಅಕ್ಕ, ನಾನು, ಭಾವ ಹೋದೆವು. ಸೊಸೆಯನ್ನು ಹೀಗೆಲ್ಲ ಕಳಿಸುವುದುಂಟೇ ಎಂದು ಅತ್ತೆಯೂ ಎಲೆಅಡಿಕೆ ಚೀಲ ಹಿಡಿದು ಬಸ್ಸು ಹತ್ತಿದಳು.

ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಇಷ್ಟು ಉರಿಯುತ್ತದೆ. ಭಾವ ಎಂದಿನಂತೆ ಚಹಾಕ್ಕೆಂದು ಹೊರಗೆ ಹೋಗಿದ್ದರು. ಅತ್ತೆ ಎಲೆಅಡಿಕೆ ಉಗಿಯಲು ಕೆಳಗಿಳಿದು ಹೋದಾಗ ಕಂಪನಿಯವನು ಚಹಾ ಕುಡಿಯುತ್ತ, "ಅಕ್ಕಾರೆ, ಆ ಎರಡ್ನೇ ಟ್ರಿಪ್ ತೆಗೆದು ಬೇರೆ ಏನಾದ್ರೂ ಹಾಕಾಕೆ ಆಗುತ್ತಾ ನೋಡ್ರಿ, ಬೇರೆ ಊರಿನೋರಿಗೆ ತಿಳಿಯಲ್ಲ" ಅಂದ. ಅಕ್ಕ, "ನಾನು ಕಂಡಿದ್ದು ಎರಡ್ನೇ ಟ್ರಿಪ್ಪು ರೀ, ಅದನ್ನೇ ಕಟ್ಟೀನಿ. ಬದ್ಲಾಯಿಸಾಕೆ ಬರಲ್ಲ" ಅಂದಳು. ಆತ ನಕ್ಕು ಬಿಟ್ಟ. ಅಂದರೆ ಅವನಿಗೆ ಗೊತ್ತಿತ್ತು. ಯಾರು ಕಟ್ಟಿದ್ದು, ಏನು ಕಂಡು ಕಟ್ಟಿದ್ದು, ಎಲ್ಲ ಅವಳ ಬಾಯಿಂದಲೇ ಕೇಳಿದ್ದ.

ಅವನ ಕ್ಯಾಸೆಟ್ಟಿನ ವಿಶೇಷವೆಂದರೆ ಹಾಡು ಹಾಡಿನ ನಡುವೆ ನಾಲ್ಕು ಮಾತು. ಅತ್ತೆ ಮೇಲೆ ಬಂದು ಗಾಜಿನ ಆಚೆ ಕುರ್ಚಿಯಲ್ಲಿ ಕೂತಳು. ಟೇಪು ತಿರುಗಲು ಶುರುವಾಯಿತು. ಕಂಪನಿಯವನು ರೇಡಿಯೋದವರ ದನಿ ತೆಗೆದು, "ಇಷ್ಟು ಚಂದದ ಹಾಡು ಯಾರು ಕಟ್ಟಿದ್ದು ಅಕ್ಕಾರೆ?" ಎಂದು ಕೇಳಿದ. ಅಕ್ಕ ಗಾಜಿನ ಕಡೆ ನೋಡಿದಳು. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದಳು. ಅಕ್ಕ ಗಂಟಲು ಸರಿ ಮಾಡಿಕೊಂಡು, "ನಮ್ಮಜ್ಜಿ ಹಾಡ್ತಿದ್ಲು ರೀ, ಆಕೆನೇ ಕಲಿಸಿದ್ದು" ಅಂದಳು.

ಟೇಪು ನಿಂತ ಮೇಲೆ ನಾನು ಕಂಪನಿಯವನ ಹತ್ತಿರ ಹೋಗಿ, "ಹಂಗೆ ಬರೀಬ್ಯಾಡ್ರೀ, ನಿಮಗೆ ಗೊತ್ತೈತಲ್ಲ" ಅಂದೆ. ಅವನು ಕಣ್ಣು ಮಿಟುಕಿಸಿ, "ಇರ್ಲಿ ಬಿಡಮ್ಮ, ಜಾನಪದ ಅಂದ್ರೆ ಚೆನ್ನಾಗಿ ಓಡುತ್ತೆ" ಅಂದ. ಕ್ಯಾಸೆಟ್ಟು ಬಂದಾಗ ಮೇಲಿನ ಚೀಟಿಯಲ್ಲಿ ಅಕ್ಕನ ಹೆಸರಿನ ಮುಂದೆ ಗಾಯಕಿ ಎಂದಿತ್ತು. ಸಾಹಿತ್ಯ, ಸಂಗೀತ ಎಂಬಲ್ಲಿ ಜಾನಪದ ಎಂದಿತ್ತು. ಅಕ್ಕ ಅದನ್ನು ಓದಿ, ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಇಟ್ಟಳು.

ಆಮೇಲಿನದ್ದು ನಿಮಗೆಲ್ಲ ಗೊತ್ತಿರುವ ಕಥೆ. ಖಾಸಗಿ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ, ಅಡಿಕೆ ಸುಲಿಯುವ ಮನೆಗಳಲ್ಲಿ ಎಲ್ಲೆಲ್ಲೂ ಆ ಹಾಡು. ನಾನು ಮದುವೆಯಾಗಿ ಚನ್ನಗಿರಿಗೆ ಬಂದಾಗ ಮದುವೆಯ ದಿಬ್ಬಣದ ಬಸ್ಸಿನಲ್ಲೂ ಡ್ರೈವರು ಅದನ್ನೇ ಹಾಕಿದ್ದ! ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು. ಸಿ.ಡಿ. ಹೋಗಿ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವುದು ಬಂತು. ಮದುವೆಗಳಿಗೆ ಡಿಜೆ ಬಂದು ಆರ್ಕೆಸ್ಟ್ರಾ ಮುಚ್ಚಿತು. ಅಕ್ಕ ಹೊಸ ಹಾಡು ಕಟ್ಟುವುದನ್ನು ಬಿಡಲಿಲ್ಲ. ಹಾಡಿಸುತ್ತೀರಾ ಎಂದು ಕೇಳಿದರೆ, "ಟ್ರ್ಯಾಕ್ ಐತಾ ಅಕ್ಕಾರೆ? ಪೆನ್‌ಡ್ರೈವ್‌ನಾಗೆ ಕೊಡ್ರಿ" ಅನ್ನುವವರು ಬಂದರು. ಹಾರ್ಮೋನಿಯಂ ಹಿಡಿದು ಹಾಡು ಕಟ್ಟುವವಳ ಹತ್ತಿರ ಟ್ರ್ಯಾಕ್ ಎಲ್ಲಿರುತ್ತದೆ? ಯಾರೂ ಅವಳಿಗೆ ಒಲ್ಲೆ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅತ್ತೆ ತೀರಿಕೊಂಡಳು. ಕೆಲವು ವರ್ಷದ ನಂತರ ಭಾವನೂ ಹೋದರು.

ಭಾವ ಹೋದ ಮೇಲೆ ಒಂದು ದಿನ ಅಕ್ಕ ಫೋನು ಮಾಡಿದಳು. "ನೋಡಿದೇನೆ ನನ್ ಹಾಡು ಏನು ಮಾಡ್ಯಾರೆ?" ಅಂದಳು. ಯಾವನೋ ಪಟ್ಟಣದ ಹುಡುಗ ಅದನ್ನು ಡ್ರಮ್ಮು ಹಾಕಿ ಹೊಸದಾಗಿ ಹಾಡಿದ್ದ. ನಿಂತವ್ನೆ ಹೋಗಿ ನಿಂತವ್ಳೆ ಆಗಿತ್ತು. ಸೇತುವೆಯ ಮೇಲೆ ಈಗ ಗಂಡಿಗಾಗಿ ಕಾಯುವ ಹುಡುಗಿ, ಬುಲೆಟ್ ಬೈಕಿನಲ್ಲಿ ಅವನು. ಎರಡನೇ ಟ್ರಿಪ್ಪು ಮಾತ್ರ ಹಾಗೇ ಇತ್ತು, ಅದರ ಅರ್ಥ ಅವನಿಗೂ ಗೊತ್ತಿರಲಿಕ್ಕಿಲ್ಲ. ಕೆಳಗೆ ಸಾಹಿತ್ಯ ಜಾನಪದ, ಹಕ್ಕು ಕಂಪನಿಯದು. ಹಳೆಯ ಕ್ಯಾಸೆಟ್ ಕಂಪನಿಯನ್ನು ಯಾರೋ ದೊಡ್ಡವರು ಕೊಂಡುಕೊಂಡಿದ್ದರಂತೆ, ಹಾಡುಗಳ ಸಮೇತ. ರೀಲ್ಸಿನಲ್ಲಿ ಹುಡುಗ ಹುಡುಗಿಯರು ಅದಕ್ಕೆ ಸೊಂಟ ಕುಣಿಸುತ್ತಿದ್ದರು.

ನಾನು ಹೊನ್ನಾಳಿಗೆ ಓಡಿದೆ. ಅಕ್ಕ ಹಾರ್ಮೋನಿಯಂ ಇಳಿಸಿ ಧೂಳು ಒರೆಸಿಕೊಂಡು ಕೂತಿದ್ದಳು. "ಅವ್ರು ಹೋದ್ರು. ಅತ್ತೆನೂ ಇಲ್ಲ. ಇನ್ಯಾರಿಗೆ ಹೆದರಾಕೆ ಐತೆ? ಅದು ನನ್ ಹಾಡು, ಅವ್ರ ಹಾಡು. ರೊಕ್ಕ ಬ್ಯಾಡ ನಂಗೆ, ನನ್ ಹೆಸ್ರು ಹಾಕ್ಲಿ" ಅಂದಳು. ನನ್ನ ಮೊಬೈಲಿನಲ್ಲೇ ವಿಡಿಯೋ ಮಾಡಿದೆವು. ಆ ವಯಸ್ಸಿನಲ್ಲೂ ಎಂಥ ದನಿ! ಹಾಡು ಮುಗಿಸಿ, ಇದು ನಾನು ಕಟ್ಟಿದ ಹಾಡು, ನಮ್ಮ ಮನೆಯವರನ್ನು ಸೇತುವೆ ಮೇಲೆ ನೋಡಿದಾಗ ಕಟ್ಟಿದ್ದು ಎಂದು ಹೇಳಿ, ಕಣ್ಣು ಒರೆಸಿಕೊಂಡಳು. ಇಂಟರ್ನೆಟ್ಟಿಗೆ ಹಾಕಿದೆವು. ಆಕೆ ಅಷ್ಟು ಖುಷಿಯಾಗಿ ಇದ್ದದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಮಾರನೆಯ ದಿನ ತೆಗೆದುನೋಡಿದರೆ ವಿಡಿಯೋ ಇಲ್ಲ. ಹಕ್ಕುದಾರರ ದೂರಿನ ಮೇಲೆ ತೆಗೆದುಹಾಕಲಾಗಿದೆ ಎಂದು ಬಂದಿತ್ತು. ಹಕ್ಕುದಾರರಂತೆ! ಕಟ್ಟಿದವಳು ಇಲ್ಲಿ ಉಸಿರಾಡಿಕೊಂಡು ಕೂತಿದ್ದಾಳೆ, ಅವಳ ಹಾಡನ್ನು ಅವಳೇ ಹಾಡಿದರೆ ಕಳ್ಳತನ!

ಕಂಪನಿಯ ನಂಬರು ಹುಡುಕಿ ಫೋನು ಮಾಡಿದೆ. ಎಷ್ಟೋ ಸಲ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ದಾಟಿಸಿ ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ಸ್ಪೀಕರ್ ಹಾಕಿ ಅಕ್ಕನ ಕೈಗೆ ಕೊಟ್ಟೆ. ಅಕ್ಕ ಎಲ್ಲವನ್ನೂ ಹೇಳಿದಳು, ಸೇತುವೆ, ಬಸ್ಸು, ಸ್ಟುಡಿಯೋ ಎಲ್ಲ. ಹುಡುಗ ಬಹಳ ವಿನಯದಿಂದ ಕೇಳಿಸಿಕೊಂಡ. ಬೈದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. "ಮೇಡಂ, ನಮ್ಮ ಹತ್ರ ಒರಿಜಿನಲ್ ಆಡಿಯೋ ಇದೆ. ನೀವೇ ಹೇಳಿದ್ದೀರ. ಕೇಳಿಸ್ಲಾ?" ಎಂದು ಹೇಳಿ ಅಲ್ಲೇ ಹಚ್ಚಿದ. ಫೋನಿನಿಂದ ಅಕ್ಕನ ಹರೆಯದ ದನಿ ಬಂತು. ನಮ್ಮಜ್ಜಿ ಹಾಡ್ತಿದ್ಲು ರೀ, ಆಕೆನೇ ಕಲಿಸಿದ್ದು...

ನಾನು ಫೋನು ಕಸಿದುಕೊಂಡು ಕೂಗಾಡಿದೆ. "ಆಕೆ ಅಜ್ಜಿ ಕಾಲದಾಗೆ ಎಲ್ಲಿತ್ತಯ್ಯ ಎರಡ್ನೇ ಟ್ರಿಪ್ ಬಸ್ಸು?" ಅಂದೆ. ಜಾನಪದ ಕಾಲಕಾಲಕ್ಕೆ ಬದಲಾಗುತ್ತ ಬರುತ್ತದೆ ಮೇಡಂ ಎಂದು ನನಗೇ ಪಾಠ ಹೇಳಿದ! ಆ ದನಿ ಅಕ್ಕನದೇ, ಅದು ಸುಳ್ಳು ಎಂದು ಯಾರಿಗೆ ಹೇಳುವುದು? ನಮ್ಮ ಕಡೆ ಅದು ನಾಚಿಕೆಗೆ ಆಡುವ ಮಾತು, ಕೇಳಿದವರೂ ನಂಬುವುದಿಲ್ಲ ಎಂದು ಪಟ್ಟಣದಲ್ಲಿ ಕೂತವನಿಗೆ ಹೇಗೆ ತಿಳಿಸಿ ಹೇಳುವುದು? ಆ ಹಳೆಯ ಕಂಪನಿಯವನಿಗಾದರೆ ತಿಳಿದಿತ್ತು. ತಿಳಿದವನು ಬಾಯಿ ಮುಚ್ಚಿಕೊಂಡು ಮಾರಿ ಹೋಗಿದ್ದ.

ಅಷ್ಟಕ್ಕೇ ಅಕ್ಕ ಬಿಡಲಿಲ್ಲ. ನ್ಯಾಮತಿಯಲ್ಲಿ ಮಹಿಳಾ ಸಂಘಗಳ ಸಮಾವೇಶವೊಂದು ಮಧ್ಯಾಹ್ನ ಇತ್ತು, ಹಳೆಯ ಗಾಯಕಿ ಎಂದು ಕರೆದಿದ್ದರು. ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ನಿರೂಪಕ ಮಹಾಶಯರು, ನಮ್ಮ ಹಿರಿಯರು ಬಿಟ್ಟುಹೋದ ಅಮೂಲ್ಯ ಜಾನಪದ ಸಂಪತ್ತು ಎಂದೆಲ್ಲ ಉದ್ದಕ್ಕೆ ಹೇಳಿ ಮೈಕು ಕೊಟ್ಟರು. ಅಕ್ಕ ಹಾಡಲಿಲ್ಲ. "ಹಿರಿಯರು ಬಿಟ್ಟು ಹೋಗಿಲ್ರೀ. ನಾನು ಕಟ್ಟಿದ್ದು. ನಾನಿನ್ನೂ ಬದುಕೀನಿ" ಅಂದಳು. ವೇದಿಕೆಯ ಮೇಲಿದ್ದ ಒಬ್ಬ ದೊಡ್ಡ ಮನುಷ್ಯ ನಗುತ್ತ, "ಇರ್ಲಿ ಬಿಡ್ರಿ ಅಕ್ಕಾರೆ, ಹಾಡು ಅಂದ್ಮೇಲೆ ಎಲ್ಲರ್ದೂ ಅಲ್ವಾ?" ಎಂದ. ಜನ ನಕ್ಕರು, ಚಪ್ಪಾಳೆ ಬೇರೆ. ಅಕ್ಕ ಅವನ ಕಡೆ ತಿರುಗಿ ಮೈಕಿನಲ್ಲೇ, "ಹಂಗಾರೆ ನಿಮ್ಮನೆ ಬೀಗ ತೆಗೀರಿ, ಅದೂ ಎಲ್ಲರ್ದೂ ಆಗ್ಲಿ!" ಅಂದಳು.

ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ನನ್ನ ಜೊತೆ ಇನ್ನಾರೂ ಹೊಡೆಯಲಿಲ್ಲ. ನಿರೂಪಕರು ಮೈಕು ತೆಗೆದುಕೊಂಡು ಸಮಯದ ಅಭಾವವಿದೆ ಅಂದರು. ಅಕ್ಕನಿಗೆ ಶಾಲು ಹೊದಿಸಿ ಕೆಳಗಿಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಹೆಂಗಸೊಬ್ಬಳು ಹತ್ತಿರ ಬಂದು, ಈ ವಯಸ್ಸಿನಲ್ಲಿ ಗಂಡನ ಮೇಲಿನ ಹಾಡು ಎಂದೆಲ್ಲ ಹೇಳಿಕೊಳ್ಳುವುದು ಚೆಂದವಾ ಅಕ್ಕಾರೆ ಎಂದು ಬುದ್ಧಿ ಹೇಳಿ ಹೋದಳು. ಅಕ್ಕ ನನ್ನ ಮುಖ ನೋಡಿ ನಕ್ಕಳು. ಆ ನಗು ನನಗೆ ಇಷ್ಟವಾಗಲಿಲ್ಲ.

ಅಂದಿನಿಂದ ಅವಳು ಯಾರ ಮುಂದೆಯೂ ಹಾಡಲಿಲ್ಲ. ಹಾಡು ಕಟ್ಟುತ್ತಿದ್ದಳು ಮಾತ್ರ. ನಾನು ಹೋದಾಗ ಒಳಗಿಂದ ಗುನುಗುವುದು ಕೇಳಿಸುತ್ತಿತ್ತು, ಬಾಗಿಲು ತಟ್ಟಿದರೆ ನಿಲ್ಲುತ್ತಿತ್ತು. ಹಾಡಕ್ಕ, ನಾನಾದರೂ ಕಲಿಯುತ್ತೇನೆ ಎಂದು ಕಾಲು ಹಿಡಿದು ಕೇಳಿದ್ದೇನೆ. "ಬ್ಯಾಡ ಬಿಡೇ. ನೀ ಹಾಡಿದ್ರೆ ನಾಳೆ ಇನ್ಯಾರ್ದೋ ಅಜ್ಜಿದಾಗುತ್ತೆ. ನನ್ ಜೊತೆನೇ ಬರ್ಲಿ" ಅಂದಳು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಕಾಲಿಗೆ ಗಾಯವಾಗಿ ಮಾಯಲಿಲ್ಲ, ನಂಜೇರಿತು. ಆಸ್ಪತ್ರೆಯಿಂದ ಮನೆಗೆ ತಂದದ್ದು ಅವಳ ದೇಹವನ್ನು. ಆ ಹೊಸ ಹಾಡುಗಳು... ಎಷ್ಟಿದ್ದವೋ, ಹೇಗಿದ್ದವೋ. ಒಂದರ ಧಾಟಿ ಅರ್ಧ ಕೇಳಿದ ನೆನಪಿದೆ, ಮಾತು ಗೊತ್ತಿಲ್ಲ. ಹಾರ್ಮೋನಿಯಂ ಮುಂದೆ ಕೂತು ಎಷ್ಟು ತಡಕಾಡಿದರೂ ಉಳಿದರ್ಧ ಸಿಗುವುದಿಲ್ಲ.

ಮೊನ್ನೆ ನಲ್ಲೂರಿನ ಮದುವೆಯೊಂದಕ್ಕೆ ಹೋಗಿದ್ದೆ. ಡಿಜೆಯವನು ಆ ಹಾಡು ಹಾಕಿದ. ನನ್ನ ಪಕ್ಕ ಕೂತಿದ್ದ ಹುಡುಗಿ, ರೇಷ್ಮೆ ಸೀರೆ, ಕಾಲೇಜು ಓದುವವಳು, ಪೂರಾ ಹಾಡನ್ನು ಬಾಯಿಪಾಠ ಹಾಡುತ್ತಿದ್ದಳು, ನಿಂತವ್ನೆ ಎಂದೇ ಹಾಡುತ್ತಿದ್ದಳು. ನನಗೆ ಖುಷಿಯಾಗಿ, ಹಳೆಯ ಸಾಲು ಎಲ್ಲಿ ಕಲಿತೆಯಮ್ಮ ಅಂದೆ.

"ನಮ್ಮಜ್ಜಿ ಹಾಡ್ತಿದ್ರು ಆಂಟಿ" ಅಂದಳು.

ಆ ಹುಡುಗಿ ಸುಳ್ಳು ಹೇಳಲಿಲ್ಲ. ಅವಳ ಅಜ್ಜಿ ಬಸ್ಸಿನಲ್ಲಿ ಕೇಳಿ ಕಲಿತು ಹಾಡಿದ್ದಿರಬೇಕು. ಆದರೆ ನನಗೆ ಊಟ ಸೇರಲಿಲ್ಲ. ಎದ್ದು ಬಂದುಬಿಟ್ಟೆ.

ಇದನ್ನೆಲ್ಲ ಬರೆದ ಮೇಲೆ, ಹೇಳದೆ ಅಚ್ಚಿಗೆ ಕೊಡಬಾರದು ಎಂದು ನಿನ್ನೆ ಬೆಳಿಗ್ಗೆ ಅಕ್ಕನ ಮಗನಿಗೆ ಫೋನು ಮಾಡಿದೆ. ಅಂಗಡಿಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ನನ್ನನ್ನು ಚಿಕ್ಕಮ್ಮ ಅನ್ನುತ್ತಾನೆ, ಒಳ್ಳೆಯ ಹುಡುಗ. ನಾನು ಓದಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ತಡೆದು ತಡೆದು, "ಚಿಕ್ಕಮ್ಮ, ಒಂದು ಕೇಳ್ಲಾ? ಅದು ನಿಜಕ್ಕೂ ಅಮ್ಮಂದಾ? ಅಮ್ಮ ಕೊನೆಕೊನೆಗೆ ಹಂಗೆ ಅಂತಿದ್ಲು, ಖರೆ. ಆದ್ರೆ ಕ್ಯಾಸೆಟ್‌ನಾಗೆ ಅಮ್ಮನೇ ಅಜ್ಜಿದು ಅಂದಾಳಲ್ಲ?" ಅಂದ.

ಅವಳ ಹೊಟ್ಟೆಯಲ್ಲಿ ಹುಟ್ಟಿದವನು! ನನಗೆ ಬಾಯಿಗೆ ಏನು ಬಂತೋ ಅದನ್ನೆಲ್ಲ ಅಂದೆ. ಸೇತುವೆಯ ಮೇಲೆ ಬೆನ್ನು ಮಾಡಿ ನಿಂತಿದ್ದವನು ನಿನ್ನ ಅಪ್ಪ, ಬಸ್ಸಿನಲ್ಲಿ ಕೂತು ಒದ್ದಾಡಿದವಳು ನಿನ್ನ ಅಮ್ಮ ಕಣೋ ಎಂದು ಕಿರುಚಿದೆ. ಅವನು ಅಳುತ್ತಿದ್ದ ಎಂದು ಕಾಣುತ್ತದೆ. ಆಮೇಲೆ ಮೂಗು ಒರೆಸಿಕೊಂಡು, "ಬರೀರಿ ಚಿಕ್ಕಮ್ಮ. ಆದ್ರೆ ಹೆ‌ಸ್ರೊಂದು ಹಾಕ್‌ಬ್ಯಾಡ್ರಿ. ಮಗಳಿಗೆ ಗಂಡು ಗೊತ್ತಾಗೈತೆ. ಬೀಗರು ಒಂಥರಾ ಜನ. ಹುಡುಗಿ ಅಜ್ಜಿ ಇಂಥಾ ಹಾಡು ಕಟ್ತಿದ್ಲು, ಸ್ಟೇಜ್ ಹತ್ತಿ ಜಗಳ ಆಡಿದ್ಲು ಅಂತ ಗೊತ್ತಾದ್ರೆ... ನಿಮಗೆ ಗೊತ್ತೈತಲ್ಲ" ಅಂದ.

ಗೊತ್ತಿದೆ. ಎಲ್ಲರಿಗೂ ಎಲ್ಲವೂ ಗೊತ್ತಿದೆ. ಅತ್ತೆ ಹೋದಳು, ಓಣಿಯ ಅರ್ಧ ಜನ ಹೋದರು, ಈಗ ಇನ್ನೂ ಮನೆಗೆ ಕಾಲಿಡದ ಬೀಗರಿಗೆ ಹೆದರಬೇಕಂತೆ. ಆ ಹೆಣ್ಣುಮಗುವಿನ ಮದುವೆಗೆ ನನ್ನಿಂದ ತೊಂದರೆಯಾಗಬಾರದು, ಅದೂ ಅಕ್ಕನ ಮೊಮ್ಮಗಳು. ಆಗಲಿ ಎಂದು ಹಲ್ಲು ಕಚ್ಚಿ ಮಾತು ಕೊಟ್ಟೆ. ಒಂದು ಕಡೆ ಹೆಸರು ಬರೆದಿದ್ದೆ, ಅದನ್ನೂ ಹೊಡೆದುಹಾಕಿದೆ. ಅಕ್ಕನ ಬಗ್ಗೆ ಇಷ್ಟು ಉದ್ದ ಬರೆದಿದ್ದೇನೆ, ನೀವೂ ಕೊನೆಯವರೆಗೆ ಓದಿದ್ದೀರಿ. ಆ ಹಾಡು ಯಾರದೆಂದು ನಾಳೆ ಯಾರಾದರೂ ಕೇಳಿದರೆ ಹೇಳಲು ನಿಮ್ಮ ಹತ್ತಿರವೂ ಒಂದು ಹೆಸರಿಲ್ಲ.